ಟಿಪ್ಪಣಿ ಹಾಳೆಯ ಮೇಲೆ ಬರೆದ ಒಂದು ಸಾಲು, ಅದರ ನಂತರ ಬಂದ ನೋಟಿಸು

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ತಾಲೂಕೊಂದರಲ್ಲಿ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಇಲಾಖೆಯ ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕಿ. ಎರಡು ವರ್ಷಗಳಿಂದ ಹಾಸ್ಟೆಲುಗಳ ಆಹಾರ ಸಾಮಗ್ರಿಯ ಬಿಲ್ಲುಗಳು ನನ್ನ ಮೇಜಿನಿಂದಲೇ ಖಜಾನೆಗೆ ಹೋಗುತ್ತಿದ್ದವು. ಈ ಸಲದ ಬನದ ಹುಣ್ಣಿಮೆಯ ದಿನ ಬನಶಂಕರಿ ಜಾತ್ರೆಯಲ್ಲಿ ನಮ್ಮದೇ ಒಂದು ಹಾಸ್ಟೆಲಿನ ಹುಡುಗರು ಮನೆಯವರೊಂದಿಗೆ ತಿರುಗಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ತಿಂಗಳ ಬಿಲ್ಲು ಬಂದಾಗ ನೋಡಿದರೆ ಅದೇ ದಿನಕ್ಕೆ 92ಕ್ಕೆ 92 ಹಾಜರಿ, 92 ಮೊಟ್ಟೆ. ಆ ವಾರವಿಡೀ ಹಾಜರಿ ಪುಸ್ತಕದಲ್ಲಿ ಒಂದೇ ಪೆನ್ನು, ಒಂದೇ ಕೈಬರಹ. ‘ಹಾಜರಿಯನ್ನು ಸ್ಥಳ ಪರಿಶೀಲನೆ ಮಾಡಿದ ನಂತರ ಬಿಲ್ಲಿನ ಪಾವತಿಗೆ ಕ್ರಮ ವಹಿಸಬಹುದು’ ಎಂದು ಟಿಪ್ಪಣಿ ಬರೆದೆ. ಸಾಹೇಬರು ಕರೆದು, ಆ ಹಾಳೆ ತೆಗೆದು ಹೊಸದಾಗಿ ಬರೆಯಿರಿ ಎಂದರು. ನಾನು ಒಪ್ಪಲಿಲ್ಲ. ಹದಿನೈದು ದಿನದೊಳಗೆ ನನ್ನ ಸೀಟು ಬದಲಾಯಿತು. ತಡವಾಗಿ ಬರುತ್ತೀರೆಂದು ಕಾರಣ ಕೇಳುವ ನೋಟಿಸು ಬಂತು. ಜಿಲ್ಲೆಯ ಇನ್ನೊಂದು ತುದಿಗೆ ನಿಯೋಜನೆ ಮಾಡುತ್ತೇವೆಂದು ಈಗ ಬಾಯಿಮಾತಿನಲ್ಲಿ ಹೇಳುತ್ತಿದ್ದಾರೆ. ‘ನಿನಗ್ಯಾಕ ಬೇಕಾಗಿತ್ತವ್ವಾ ಇದೆಲ್ಲಾ’ ಎನ್ನುತ್ತಾರೆ ಜೊತೆಯವರು. ಹೆಸರಿಲ್ಲದೆ ಲೋಕಾಯುಕ್ತಕ್ಕೆ ಬರೆ ಎನ್ನುತ್ತಾರೆ ಒಬ್ಬರು. ಇಂಥವರನ್ನು ಕಾಪಾಡಲು ಕಾಯ್ದೆಯೇ ಇದೆ ಎನ್ನುತ್ತಾರೆ ಇನ್ನೊಬ್ಬರು. ಕಾಗದಗಳ ಫೋಟೋ ತೆಗೆದು ಪತ್ರಿಕೆಯವರಿಗೆ ಕೊಡು ಎನ್ನುತ್ತಾನೆ ನನ್ನ ತಮ್ಮ. ನಾನು ಏನು ಮಾಡಲಿ? ಇನ್ನೊಂದು ಮಾತು, ಇದಕ್ಕೂ ಮೊದಲಿನ ಇಂಥ ಬಿಲ್ಲುಗಳಿಗೆ ನಾನೇ ಸಹಿ ಮಾಡಿದ್ದೇನೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ನೀವು ಸಣ್ಣದಾಗಿ ಬರೆದಿದ್ದೀರಿ. ಬೆಳಗಾವಿಯ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠದ ಮುಂದೆಯೂ ಧಾರವಾಡದ ಹೈಕೋರ್ಟ್ ಪೀಠದ ಮುಂದೆಯೂ ನೌಕರರ ಸೇವಾ ಪ್ರಕರಣಗಳನ್ನೇ ನಡೆಸುತ್ತ ಬಂದ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅದೇ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು, ನೀವು ಬರೆದ ಟಿಪ್ಪಣಿ ಸರಿಯಾದದ್ದು, ಅದರ ಭಾಷೆಯೂ ಸರಿಯಾದದ್ದು. ಯಾರನ್ನೂ ಕಳ್ಳರೆನ್ನದೆ, ಪರಿಶೀಲನೆಯಾಗಲಿ ಎಂದಷ್ಟೇ ಬರೆದಿದ್ದೀರಿ. ವಿಷಯ ನಿರ್ವಾಹಕರ, ಅಂದರೆ ಕಡತವನ್ನು ಮೊದಲು ಮಂಡಿಸುವ ನಿಮ್ಮಂಥ ನೌಕರರ, ಕರ್ತವ್ಯವೇ ಅದು. ಆದ್ದರಿಂದ ‘ನಾನು ಯಾರ ಮೇಲೋ ದೂರು ಕೊಟ್ಟೆ’ ಎಂಬ ಭಾವನೆಯನ್ನು ಬಿಡಿ. ನೀವು ಈವರೆಗೆ ದೂರು ಕೊಟ್ಟಿಲ್ಲ, ಕೆಲಸ ಮಾಡಿದ್ದೀರಿ. ನಾಳೆ ಯಾವ ಅಧಿಕಾರಿಯ ಮುಂದೆ ನಿಂತರೂ ನಿಮ್ಮ ಮೊದಲ ಮಾತು ಇದೇ ಆಗಿರಬೇಕು.

ಅಷ್ಟು ಸಣ್ಣ ಟಿಪ್ಪಣಿಗೆ ಇಷ್ಟು ಸಿಟ್ಟೇಕೆ ಎಂದು ನಿಮಗೆ ಅನ್ನಿಸಿರಬಹುದು. ಬಿಲ್ಲು ಸಾಗುವ ದಾರಿಯನ್ನು ನೆನೆಸಿಕೊಳ್ಳಿ. ನಿಲಯದ ಮೇಲ್ವಿಚಾರಕರು ಹಾಜರಿಯನ್ನು ದೃಢೀಕರಿಸುತ್ತಾರೆ, ನೀವು ಬಿಲ್ಲನ್ನು ಮಂಡಿಸುತ್ತೀರಿ, ನಿಮ್ಮ ಮೇಲಿನವರು ಸಹಿ ಹಾಕುತ್ತಾರೆ, ಹಣ ಸೆಳೆಯುವ ಅಧಿಕಾರಿ ಒಪ್ಪುತ್ತಾರೆ, ಆಮೇಲೆ ಅದು ಖಜಾನೆಗೆ ಹೋಗುತ್ತದೆ. ತನಿಖೆ ಬಂದ ದಿನ ಈ ಸಾಲಿನಲ್ಲಿರುವ ಪ್ರತಿಯೊಬ್ಬರೂ ‘ಕೆಳಗಿನವರು ಮಂಡಿಸಿದರು, ನಾನು ನಂಬಿ ಸಹಿ ಮಾಡಿದೆ’ ಎಂದು ಹೇಳಿ ಪಾರಾಗಲು ನೋಡುತ್ತಾರೆ. ನಿಮ್ಮ ಒಂದು ಸಾಲು ಆ ದಾರಿಯನ್ನು ಮುಚ್ಚಿತು. ಆ ಟಿಪ್ಪಣಿಯ ಕೆಳಗೆ ಯಾರು ಸಹಿ ಮಾಡಿದರೂ ಗೊತ್ತಿದ್ದೂ ಮಾಡಿದಂತಾಗುತ್ತದೆ. ಅದಕ್ಕಾಗಿಯೇ ಅವರಿಗೆ ಬೇಕಾದದ್ದು ನಿಮ್ಮ ಕ್ಷಮೆಯಲ್ಲ, ಆ ಹಾಳೆ. ಜೊತೆಯವರ ಮೌನದ ಕಾರಣವೂ ಬಹುಮಟ್ಟಿಗೆ ಇಲ್ಲಿಯೇ ಇದೆ: ಹಳೆಯ ಬಿಲ್ಲುಗಳಲ್ಲಿ ಅವರ ಸಹಿಗಳೂ ಇರುತ್ತವೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಹಾಗೆಂದು ಅವರ ಸಲಹೆಯಂತೆ ನಡೆಯಲೂಬೇಡಿ.

ಆ ಹಾಳೆಯನ್ನು ಯಾವ ಕಾರಣಕ್ಕೂ ಬದಲಿಸಬೇಡಿ. ಬದಲಿಸಿದ ಕ್ಷಣದಿಂದ ದಾಖಲೆ ತಿದ್ದಿದವರು ನೀವಾಗುತ್ತೀರಿ, ಹೇಳಿದವರು ಹೇಳಿಯೇ ಇಲ್ಲ ಎನ್ನುತ್ತಾರೆ. ಬಾಯಿಮಾತಿನ ಆದೇಶದ ಬಗ್ಗೆ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಅಧಿಕಾರಿಗಳು ಮೌಖಿಕ ಸೂಚನೆಗಳ ಮೇಲೆ ನಡೆಯಬಾರದು, ಅಂಥ ಸೂಚನೆ ಬಂದರೆ ಅದನ್ನು ದಾಖಲಿಸಬೇಕು. ಇನ್ನೊಮ್ಮೆ ಕರೆದು ಒತ್ತಾಯಿಸಿದರೆ, ‘ದಯವಿಟ್ಟು ಕಡತದಲ್ಲಿಯೇ ಸೂಚನೆ ನೀಡಿದರೆ ಅದರಂತೆ ಕ್ರಮ ವಹಿಸುತ್ತೇನೆ’ ಎಂದು ಮರ್ಯಾದೆಯಿಂದ ಹೇಳಿ, ಅಂದೇ ದಿನಾಂಕ ಮತ್ತು ಸಮಯವನ್ನು ನಿಮ್ಮ ಸ್ವಂತ ದಿನಚರಿಯಲ್ಲಿ ಬರೆದಿಟ್ಟುಕೊಳ್ಳಿ. ಬರವಣಿಗೆಯಲ್ಲಿ ಅಂಥ ಸೂಚನೆ ಕೊಡುವವರನ್ನು ನನ್ನ ವೃತ್ತಿಯಲ್ಲಿ ಬಹಳ ಕಡಿಮೆ ನೋಡಿದ್ದೇನೆ.

ಈಗ ನಿಮ್ಮ ಸುತ್ತಲಿನವರು ಹೇಳಿದ ಮೂರು ಮಾತುಗಳು.

ಕಾಯ್ದೆ ಇದೆ ಎಂಬುದು ಅರ್ಧ ಸತ್ಯ. ಅಕ್ರಮವನ್ನು ಬಯಲಿಗೆ ತಂದವರ ರಕ್ಷಣೆಗೆಂದು ಸಂಸತ್ತು ಮಾಡಿದ ವಿಷಲ್ ಬ್ಲೋವರ್ಸ್ ಸಂರಕ್ಷಣಾ ಕಾಯ್ದೆಗೆ 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕಿರುಕುಳಕ್ಕೆ ತಡೆ, ಹೆಸರು ಬಹಿರಂಗಪಡಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಎಲ್ಲವೂ ಅದರಲ್ಲಿವೆ. ಆದರೆ ಕೇಂದ್ರ ಸರ್ಕಾರ ಅಧಿಸೂಚಿಸಿದ ದಿನದಿಂದ ಮಾತ್ರ ಅದು ಜಾರಿಗೆ ಬರಬೇಕು, ಆ ಅಧಿಸೂಚನೆ ಹೊರಬಿದ್ದಿಲ್ಲ. ಜಾರಿಯಾಗದ ಕಾಯ್ದೆಯ ಕಲಮನ್ನು ಅರ್ಜಿಯಲ್ಲಿ ಬರೆದು ಬರುವ ನೌಕರರನ್ನು ನಾನು ಈಗಲೂ ಕಾಣುತ್ತೇನೆ, ಪ್ರತಿ ಸಲವೂ ಈ ಸಂಗತಿಯನ್ನು ಹೇಳಲು ಕಷ್ಟವಾಗುತ್ತದೆ. ದೆಹಲಿಯ ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕಳಿಸುವ ವ್ಯವಸ್ಥೆಯೊಂದು 2004ರ ಏಪ್ರಿಲ್‌ನಿಂದ ನಡೆಯುತ್ತಿರುವುದು ನಿಜ. ಹೆದ್ದಾರಿ ಕಾಮಗಾರಿಯ ಅಕ್ರಮವನ್ನು ಪ್ರಧಾನಿ ಕಚೇರಿಗೆ ಬರೆದಿದ್ದ ಇಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್ 27ರಂದು ಗಯಾದಲ್ಲಿ ಕೊಲೆಯಾದ ಮೇಲೆ ಎದ್ದ ಆಕ್ರೋಶದಿಂದ ಅದು ಹುಟ್ಟಿತು. ಹೆಸರು ಗುಟ್ಟಾಗಿಡಿ ಎಂದು ಕೋರಿದ್ದ ಅವರ ಪತ್ರ ಹೆಸರಿನ ಸಮೇತವೇ ಕಚೇರಿಯಿಂದ ಕಚೇರಿಗೆ ಹೋಗಿತ್ತು. ಆದರೆ ಆ ವ್ಯವಸ್ಥೆ ಕೇಂದ್ರ ಸರ್ಕಾರದ ಮತ್ತು ಅದರ ಉದ್ಯಮಗಳ ನೌಕರರಿಗೆ ಸಂಬಂಧಿಸಿದ್ದು. ರಾಜ್ಯದ ತಾಲೂಕು ಕಚೇರಿಯ ಬಿಲ್ಲು ಅದರ ವ್ಯಾಪ್ತಿಗೆ ಬರುವುದಿಲ್ಲ.

ಹೆಸರಿಲ್ಲದ ದೂರು ನಿಮಗೆ ಪ್ರಯೋಜನಕ್ಕಿಂತ ಹಾನಿಯನ್ನೇ ಹೆಚ್ಚು ಮಾಡುತ್ತದೆ. ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ರ ಪ್ರಕಾರ ದೂರನ್ನು ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಕೊಡಬೇಕು. ಹೆಸರು ವಿಳಾಸವಿಲ್ಲದ ಪತ್ರ ಅಲ್ಲಿಗೆ ತಲುಪಿ ಸುಮ್ಮನಾಗುವ ಸಾಧ್ಯತೆಯೇ ಜಾಸ್ತಿ. ಇನ್ನೊಂದು ಕಡೆ, ಆ ಹಾಸ್ಟೆಲಿನ ಆ ತಿಂಗಳ ಬಿಲ್ಲಿನ ವಿವರ ಬಲ್ಲವರು ನಿಮ್ಮ ಕಚೇರಿಯಲ್ಲಿ ಎಷ್ಟು ಜನ ಇದ್ದಾರು? ಮೂವರೋ ನಾಲ್ವರೋ. ಪತ್ರ ಹೊರಬಿದ್ದ ದಿನವೇ ಬೆರಳು ನಿಮ್ಮ ಕಡೆ ತಿರುಗುತ್ತದೆ; ಆದರೆ ಹೆಸರು ಬರೆಯದ ಕಾರಣ, ದೂರಿಗಾಗಿಯೇ ನನಗೆ ಕಿರುಕುಳವಾಯಿತು ಎಂದು ಹೇಳುವ ಹಕ್ಕನ್ನೂ ನೀವು ಕಳೆದುಕೊಂಡಿರುತ್ತೀರಿ.

ನಿಮ್ಮ ತಮ್ಮನ ಸಲಹೆ ಪ್ರೀತಿಯಿಂದ ಬಂದದ್ದು, ಆದರೆ ಈಗ ಅದನ್ನು ಪಾಲಿಸಬೇಡಿ. ಹಾಸ್ಟೆಲಿನ ಮೊಟ್ಟೆ ಬಿಲ್ಲು ಅಧಿಕೃತ ರಹಸ್ಯ ಕಾಯ್ದೆಗೆ ಸೇರುವ ಗುಟ್ಟೇನಲ್ಲ. ಆದರೂ ಅಧಿಕಾರವಿಲ್ಲದವರಿಗೆ ಕಚೇರಿಯ ದಾಖಲೆ ಕೊಡುವುದನ್ನು ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಒಪ್ಪುವುದಿಲ್ಲ. ಇದುವರೆಗೆ ನಿಮ್ಮ ಮೇಲಿರುವುದು ತಡವಾಗಿ ಬಂದ ಆರೋಪ ಮಾತ್ರ. ಕಾಗದ ಹೊರಗೆ ಹೋದರೆ ಅವರ ಕೈಗೆ ನಿಜವಾದ ಒಂದು ಆರೋಪವನ್ನು ನೀವೇ ಕೊಟ್ಟಂತಾಗುತ್ತದೆ. ಮೂಲ ಕಡತವನ್ನಂತೂ ಒಂದು ರಾತ್ರಿಗೂ ಮನೆಗೆ ಒಯ್ಯಬೇಡಿ.

ದಾಖಲೆ ಕೈಯಲ್ಲಿಲ್ಲದೆ ಏನು ಮಾಡಲಿ ಎಂದು ಕೇಳುತ್ತೀರಿ. ನಿಮಗೆ ಬೇಕಾದದ್ದು ಕಾಗದವಲ್ಲ, ಅದರ ಗುರುತು. ಕಡತದ ಸಂಖ್ಯೆ, ಟಿಪ್ಪಣಿಯ ಪುಟ ಮತ್ತು ಕಂಡಿಕೆ, ಬಿಲ್ಲಿನ ಸಂಖ್ಯೆ, ಮೊತ್ತ, ಹಾಜರಿ ಪುಸ್ತಕದ ಪುಟಗಳು, ದಿನಾಂಕಗಳು, ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಈ ಗುರುತುಗಳಿದ್ದರೆ ತನಿಖಾಧಿಕಾರಿ ನೇರವಾಗಿ ಅದೇ ಪುಟವನ್ನು ತರಿಸಬಲ್ಲರು. ಪ್ರತಿಗಳು ಬೇಕಾದರೆ ಮಾಹಿತಿ ಹಕ್ಕು ಕಾಯ್ದೆ, 2005 ನೌಕರರಿಗೂ ಮುಚ್ಚಿಲ್ಲ, ನೀವೂ ನಾಗರಿಕರೇ. 10 ರೂಪಾಯಿ ಶುಲ್ಕ, ಕಾರಣ ಹೇಳಬೇಕಿಲ್ಲ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದ್ದರಿಂದ ಟಿಪ್ಪಣಿ ಹಾಳೆಗೊಂದು, ಹಾಜರಿಗೊಂದು, ಸೀಟು ಬದಲಿಸಿದ ಕಚೇರಿ ಆದೇಶಕ್ಕೊಂದು ಎಂದು ಬೇರೆ ಬೇರೆ ಅರ್ಜಿ ಹಾಕಿ. ಟಿಪ್ಪಣಿ ಹಾಳೆಯ ದೃಢೀಕೃತ ಪ್ರತಿ ಒಮ್ಮೆ ಹೊರಗೆ ಬಂದರೆ ಆಮೇಲೆ ಅದನ್ನು ಬದಲಿಸುವ ಧೈರ್ಯ ಯಾರಿಗೂ ಬಾರದು. ನಿಮ್ಮ ಕಡತ ಕಂಪ್ಯೂಟರಿನಲ್ಲಿ ನಡೆಯುವ ಇ-ಆಫೀಸಿನಲ್ಲಿದ್ದರೆ ಈ ಭಯ ಕಡಿಮೆ; ಕಾಗದದ ಕಡತವಾಗಿದ್ದರೆ ಮೊದಲ ಅರ್ಜಿ ಅದಕ್ಕೇ ಇರಲಿ.

ಇನ್ನು ನಿಮ್ಮ ಹಳೆಯ ಸಹಿಗಳು. ಸಂಕಟದ ವಿಷಯವಾದರೂ ನೇರವಾಗಿ ಹೇಳಲೇಬೇಕು. ನಾನು ವಕೀಲಿಗೆ ಬರುವ ಮೊದಲು ಕೆಲವು ವರ್ಷ ಗುಮಾಸ್ತನಾಗಿ ಇಂಥವೇ ಬಿಲ್ಲುಗಳನ್ನು ಬರೆದವನು, ಮೇಜಿನ ಮೇಲೆ ಮೂವತ್ತು ಬಿಲ್ಲು ಬಿದ್ದಿರುವಾಗ ಹಾಜರಿ ಪುಸ್ತಕದ ಕೈಬರಹವನ್ನು ಯಾರೂ ನೋಡುವುದಿಲ್ಲ ಎಂಬುದನ್ನು ಬಲ್ಲೆ. ಆದರೆ ಕಡತದಲ್ಲಿ ಮೊದಲ ಸಹಿ ವಿಷಯ ನಿರ್ವಾಹಕರದು. ವಿಚಾರಣೆ ಶುರುವಾದರೆ ಮೇಲಿನವರು ಮೊದಲು ತೋರಿಸುವುದು ಆ ಸಹಿಯನ್ನು, ಜಂಟಿ ವಿಚಾರಣೆಯಲ್ಲಿ ನಿಮ್ಮನ್ನೂ ಆಪಾದಿತರ ಸಾಲಿಗೆ ಸೇರಿಸುವುದು ಅವರಿಗೆ ಕಷ್ಟವಲ್ಲ. ಸೇಡು ತೀರಿಸಿಕೊಳ್ಳುವ ಅತ್ಯಂತ ಸುಲಭದ ದಾರಿ ವರ್ಗಾವಣೆ ಎಂದು ಜನ ತಿಳಿದಿದ್ದಾರೆ. ನಾನು ಕಂಡಂತೆ ಅದಕ್ಕಿಂತ ಆಳವಾಗಿ ಗಾಯ ಮಾಡುವುದು ಇದು, ಅಕ್ರಮ ತೋರಿಸಿದವರನ್ನೇ ಅಕ್ರಮದ ಪಾಲುದಾರರನ್ನಾಗಿ ಮಾಡುವುದು.

ಇದಕ್ಕೆ ಉಪಾಯವೊಂದೇ. ಅವರು ಹೇಳುವ ಮೊದಲು ನೀವೇ ಹೇಳಬೇಕು. ಮೇಲಧಿಕಾರಿಗಾಗಲಿ ಲೋಕಾಯುಕ್ತಕ್ಕಾಗಲಿ ನೀವು ಬರೆಯುವ ಮೊದಲ ಪತ್ರದಲ್ಲಿಯೇ, ‘ಇಂಥ ದಿನದಿಂದ ಇಂಥ ದಿನದವರೆಗೆ ಬಂದ ಬಿಲ್ಲುಗಳನ್ನು ನಿಲಯ ಮೇಲ್ವಿಚಾರಕರ ದೃಢೀಕರಣವನ್ನು ನಂಬಿ ನಾನು ಮಂಡಿಸಿದ್ದೇನೆ, ಇಂಥ ದಿನ ವ್ಯತ್ಯಾಸ ಗಮನಕ್ಕೆ ಬಂತು, ಅಂದಿನಿಂದ ಮಂಡಿಸಿಲ್ಲ, ಹಿಂದಿನವುಗಳನ್ನೂ ಪರಿಶೀಲಿಸಲು ಕೋರುತ್ತೇನೆ’ ಎಂದು ಬರೆಯಿರಿ. ತಪ್ಪನ್ನು ಒಪ್ಪಿಕೊಂಡಂತಾಗುತ್ತದಲ್ಲ ಎಂದು ಎಲ್ಲರೂ ಹೆದರುತ್ತಾರೆ. ಒಪ್ಪಿಕೊಳ್ಳುವುದು ಅಲಕ್ಷ್ಯವನ್ನು, ಅದೂ ಸಣ್ಣದನ್ನು. ಮುಚ್ಚಿಟ್ಟರೆ ಅದೇ ಸಂಚಿನಂತೆ ಕಾಣುತ್ತದೆ. ಜೊತೆಗೆ, ಇಂದೇ ಮಾಡಬೇಕಾದ ಕೆಲಸವೊಂದಿದೆ. ಬಿಲ್ಲುಗಳನ್ನು ಖಜಾನೆಗೆ ಕಳಿಸುವ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರ ನಿಮ್ಮ ಲಾಗಿನ್ನಿನ ಪಾಸ್‌ವರ್ಡ್ ಕಚೇರಿಯಲ್ಲಿ ಬೇರೆಯವರಿಗೆ ಗೊತ್ತಿದ್ದರೆ ಬದಲಿಸಿ. ಸೀಟು ಹೋದ ಮೇಲೂ ಹಳೆಯ ಲಾಗಿನ್ನಿನಿಂದ ಬಿಲ್ಲು ಹೋದರೆ ಅದರ ಮೇಲೆ ನಿಮ್ಮ ಹೆಸರೇ ಇರುತ್ತದೆ. ಹಾಗೆಯೇ ಸೀಟು ಬಿಡುವಾಗ ಪ್ರಭಾರ ಪಟ್ಟಿಯನ್ನು, ಅಂದರೆ ವಹಿಸಿಕೊಟ್ಟ ಕಡತಗಳ ಪಟ್ಟಿಯನ್ನು, ಕೊಟ್ಟಿರದಿದ್ದರೆ ಈಗಲಾದರೂ ಕೊಡಿ. ಆ ಕಡತದ ಎದುರಿಗೆ ‘ಟಿಪ್ಪಣಿ ಪುಟಗಳು ಇಷ್ಟು’ ಎಂದು ಎಣಿಸಿ ಬರೆದು, ತೆಗೆದುಕೊಂಡವರ ಸಹಿ ಪಡೆಯಿರಿ.

ಕಿರುಕುಳದ ವಿಷಯದಲ್ಲಿ ನನ್ನ ಅನುಭವದ ಮಾತೊಂದನ್ನು ಹೇಳಬೇಕು. ಕಿರುಕುಳ ಎಂಬ ಹೆಸರಿನ ಆದೇಶ ಯಾವ ಕಚೇರಿಯಿಂದಲೂ ಹೊರಡುವುದಿಲ್ಲ. ಅದು ಬರುವುದು ನೋಟಿಸಿನ, ನಿಯೋಜನೆಯ, ವಾರ್ಷಿಕ ವರದಿಯ, ವೇತನ ಬಡ್ತಿಯ ವೇಷದಲ್ಲಿ. ಈ ಪ್ರತಿಯೊಂದಕ್ಕೂ ಅದರದೇ ನಿಯಮವಿದೆ. ದುರುದ್ದೇಶವನ್ನು ಸಾಬೀತುಪಡಿಸುವುದು ನ್ಯಾಯಾಲಯದಲ್ಲಿ ಬಹಳ ಕಷ್ಟ: ಭಾರ ನಿಮ್ಮ ಮೇಲೆ ಬೀಳುತ್ತದೆ, ಆ ಅಧಿಕಾರಿಯನ್ನು ಹೆಸರು ಹಿಡಿದು ಎದುರುದಾರರನ್ನಾಗಿ ಮಾಡಬೇಕಾಗುತ್ತದೆ. ನಿಯಮ ಮೀರಿದ್ದನ್ನು ತೋರಿಸುವುದು ಅದಕ್ಕಿಂತ ಎಷ್ಟೋ ಸುಲಭ. ಹಾಗಾಗಿ ಒಂದೊಂದು ಆದೇಶವನ್ನೂ ಅದರ ನಿಯಮದ ಮೇಲೆಯೇ ಎದುರಿಸಿ, ದುರುದ್ದೇಶವನ್ನು ದಿನಾಂಕಗಳೇ ಹೇಳಲಿ.

ನಿಮ್ಮಂಥ ಗ್ರೂಪ್ ‘ಸಿ’ ನೌಕರರಿಗೆ ಒಂದು ಸ್ಥಳದಲ್ಲಿ ಕನಿಷ್ಠ ನಾಲ್ಕು ವರ್ಷದ ಅವಧಿ ಎಂದು ರಾಜ್ಯ ಸರ್ಕಾರದ ವರ್ಗಾವಣೆ ಮಾರ್ಗಸೂಚಿ ಹೇಳಿದೆ. ಅವಧಿಗೆ ಮುನ್ನ ವರ್ಗಾವಣೆಗೆ ಮುಖ್ಯಮಂತ್ರಿಯವರ ಪೂರ್ವಾನುಮೋದನೆ ಬೇಕು. ನೀವು ಅಲ್ಲಿಗೆ ಬಂದು ಎರಡೇ ವರ್ಷವಾಗಿದ್ದರೆ ಇದು ನಿಮ್ಮ ಗಟ್ಟಿ ನೆಲೆ. ಶಿಕ್ಷೆಯ ಬದಲಿಗೆ ವರ್ಗಾವಣೆ ಮಾಡುವುದು ಕಾನೂನಿನ ಕಣ್ಣಿನಲ್ಲಿ ದುರುದ್ದೇಶವೇ ಎಂದು ಸುಪ್ರೀಂ ಕೋರ್ಟ್ 2008ರ ಡಿಸೆಂಬರ್‌ನಲ್ಲಿ ಸೋಮೇಶ್ ತಿವಾರಿ ಪ್ರಕರಣದಲ್ಲಿ ಹೇಳಿದೆ. ನಿಯೋಜನೆಯ ಮಾತು ಬಾಯಲ್ಲಿರುವವರೆಗೆ ಹೋಗಬೇಕಿಲ್ಲ. ಲಿಖಿತ ಆದೇಶ ಬಂದರೆ ಮಾತ್ರ ಧಿಕ್ಕರಿಸಿ ಮನೆಯಲ್ಲಿ ಕೂಡಬೇಡಿ, ಅನಧಿಕೃತ ಗೈರುಹಾಜರಿಯ ಆರೋಪಕ್ಕೆ ಅದೇ ಬಾಗಿಲು ತೆರೆಯುತ್ತದೆ. ಆಕ್ಷೇಪಣೆಯನ್ನು ಬರೆದುಕೊಟ್ಟು, ಕರ್ತವ್ಯದಿಂದ ಬಿಡುಗಡೆಯಾಗುವ ಮೊದಲೇ ನ್ಯಾಯಮಂಡಳಿಗೆ ಬಂದರೆ ತಡೆಯಾಜ್ಞೆ ಕೇಳುವುದು ಸುಲಭ. ಬಿಡುಗಡೆಯಾಗಿ, ಬೇರೆಯವರು ಆ ಜಾಗಕ್ಕೆ ಬಂದು ಕುಳಿತ ಮೇಲೆ ಕಷ್ಟ.

ವೇತನ ಬಡ್ತಿಯನ್ನು ಸುಮ್ಮನೆ ನಿಲ್ಲಿಸಲು ಬರುವುದಿಲ್ಲ. 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಲ್ಲಿ ಅದು ದಂಡನೆ, ನಿಮ್ಮ ಉತ್ತರ ಪಡೆದೇ ವಿಧಿಸಬೇಕು. ವಾರ್ಷಿಕ ವರದಿಯಲ್ಲಿ ಏನೇ ಬರೆದರೂ ನಿಮಗೆ ತಿಳಿಸಬೇಕೆಂದು 2008ರ ದೇವ್ ದತ್ ತೀರ್ಪು ಹೇಳಿದೆ. ಅಮಾನತು ಮಾಡಿಬಿಟ್ಟರೆ ಎಂಬ ಭಯ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಮಾಡಲಾರರು ಎಂದು ನಾನು ಮಾತು ಕೊಡಲಾರೆ. ಮಾಡಿದರೆ ಮೊದಲಿಗೆ ಅರ್ಧ ವೇತನದಷ್ಟು ಜೀವನಾಧಾರ ಭತ್ಯೆ ಸಿಗುತ್ತದೆ. ಮೂರು ತಿಂಗಳೊಳಗೆ ದೋಷಾರೋಪಣೆ ಪಟ್ಟಿ ಕೊಡದಿದ್ದರೆ ಅಮಾನತನ್ನು ಮುಂದುವರಿಸಬಾರದೆಂದು 2015ರ ಅಜಯ್ ಕುಮಾರ್ ಚೌಧರಿ ತೀರ್ಪಿನಲ್ಲಿದೆ. ಆದರೆ ತೀರ್ಪು ಪುಸ್ತಕದಲ್ಲಿ ಇರುವುದಕ್ಕೂ ತಿಂಗಳ ಕೊನೆಗೆ ಮನೆ ನಡೆಯುವುದಕ್ಕೂ ಅಂತರವಿದೆ. ಮುಂದೆ ಹೋಗುವ ಮೊದಲು ಆರು ತಿಂಗಳ ಖರ್ಚಿನ ಲೆಕ್ಕವನ್ನು ಮನೆಯವರೊಂದಿಗೆ ಕೂತು ಮಾಡಿ.

ಹಾಗಾದರೆ ಮುಂದಿನ ದಾರಿ ಯಾವುದು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಇಲಾಖೆಯ ಜಿಲ್ಲಾ ಅಧಿಕಾರಿಗೆ ಒಂದೂವರೆ ಪುಟದ ಪತ್ರ ಬರೆದು, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಪ್ರತಿ ಹಾಕುತ್ತಿದ್ದೆ. ಟಪಾಲು ಶಾಖೆಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇದರಿಂದ ಕೆಲಸ ಆಗಿಯೇ ತೀರುತ್ತದೆಂದಲ್ಲ. ಮೇಲಿನವರಿಗೆ ತಿಳಿದ ದಿನಾಂಕವೊಂದು ದಾಖಲೆಯಾಗುತ್ತದೆ, ಅದರ ನಂತರ ಬರುವ ಪ್ರತಿ ಆದೇಶವನ್ನೂ ಆ ದಿನಾಂಕದ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಹದಿನೈದು ಇಪ್ಪತ್ತು ದಿನ ಕಾಯಿರಿ.

ಏನೂ ಆಗದಿದ್ದರೆ ಲೋಕಾಯುಕ್ತ. 2022ರ ಆಗಸ್ಟ್ 11ರಂದು ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿದ ಮೇಲೆ ಲಂಚ ಮತ್ತು ಭ್ರಷ್ಟಾಚಾರದ ತನಿಖೆಯ ಅಧಿಕಾರವೂ ಮತ್ತೆ ಲೋಕಾಯುಕ್ತ ಪೊಲೀಸರಿಗೇ ಬಂದಿದೆ. ಕೃತ್ಯ ನಡೆದ ಐದು ವರ್ಷದೊಳಗೆ ದೂರು ಕೊಡಬೇಕು. ನೀವು ತಿಳಿದಿರಬೇಕಾದ ಅಪಾಯಗಳೂ ಇವೆ. ತನಿಖೆಗೆ ತೆಗೆದುಕೊಂಡರೆ ದೂರಿನ ಪ್ರತಿ ಆಪಾದಿತ ನೌಕರರಿಗೆ ಹೋಗುತ್ತದೆ, ಅಲ್ಲಿಗೆ ನಿಮ್ಮ ಹೆಸರು ಗುಟ್ಟಾಗಿ ಉಳಿಯುವುದಿಲ್ಲ. ದುರುದ್ದೇಶದ ಸುಳ್ಳು ದೂರಿಗೆ ಶಿಕ್ಷೆಯೂ ಉಂಟು. ಆದ್ದರಿಂದ ಕಂಡದ್ದನ್ನು ಕಂಡೆ ಎಂದೂ, ಊಹೆಯನ್ನು ಊಹೆ ಎಂದೂ ಬರೆಯಿರಿ. ಜಾತ್ರೆಯಲ್ಲಿ ನೀವು ಕಂಡದ್ದು ನಾಲ್ಕೈದು ಮಕ್ಕಳನ್ನಾದರೆ ನಾಲ್ಕೈದು ಎಂದೇ ಬರೆಯಬೇಕು. ಉಳಿದವರು ಎಲ್ಲಿದ್ದರೆಂಬುದನ್ನು ತನಿಖೆ ಹೇಳಲಿ. ಸಂಬಂಧಿಸಿದ ದಾಖಲೆಗಳನ್ನು ಸುರಕ್ಷಿತ ವಶದಲ್ಲಿಡಲು ಆದೇಶಿಸುವ ಅಧಿಕಾರ ಲೋಕಾಯುಕ್ತ ಕಾಯ್ದೆಯಲ್ಲಿದೆ, ದೂರಿನಲ್ಲಿಯೇ ಅದನ್ನು ಕೋರಿ. ಭ್ರಷ್ಟಾಚಾರ ತಡೆ ಕಾಯ್ದೆಯಡಿ ಪ್ರಕರಣವಾಗುವುದಾದರೆ, ಅಧಿಕಾರಿಯ ನಿರ್ಣಯಕ್ಕೆ ಸಂಬಂಧಿಸಿದ ಆರೋಪಗಳಲ್ಲಿ 17ಎ ಕಲಮಿನ ಪೂರ್ವಾನುಮತಿಗೇ ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು ಹಿಡಿಯಬಹುದು. ಆ ಅವಧಿಯಲ್ಲಿ ನೀವು ಅದೇ ಕಚೇರಿಯಲ್ಲಿ, ಅದೇ ಜನರ ನಡುವೆ ಕೂತಿರಬೇಕು.

ಮನೆಗೆ ಬಂದು ಬೆದರಿಸುವಂತಾದರೆ ಅದು ಕಚೇರಿಯ ವಿಷಯವಲ್ಲ, ಪೊಲೀಸ್ ಠಾಣೆಯ ವಿಷಯ. ಪ್ರಕರಣ ದಾಖಲಾಗಿ ನೀವು ಸಾಕ್ಷಿಯಾದರೆ, 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ, ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು.

ಇಲ್ಲಿಗೇ ನಿಲ್ಲಿಸುತ್ತೇನೆ, ಟಿಪ್ಪಣಿ ಬರೆದದ್ದು ಸಾಕು ಎಂದು ನಿಮಗೆ ಅನ್ನಿಸಿದರೆ, ಅದೂ ಒಂದು ದಾರಿಯೇ. ಮನೆಯ ಪರಿಸ್ಥಿತಿ ನಿಮಗೆ ಗೊತ್ತು, ನನಗಲ್ಲ. ಆದರೆ ಹಾಗೆ ನಿಂತರೂ ಹಳೆಯ ಬಿಲ್ಲುಗಳ ಬಗೆಗಿನ ಪತ್ರವನ್ನು ಬರೆಯದೆ ಬಿಡಬೇಡಿ. ಎರಡು ವರ್ಷದ ನಂತರ ಲೆಕ್ಕಪರಿಶೋಧನೆಯವರು ಅದೇ ಪುಟಗಳನ್ನು ತೆರೆದರೆ ಅಂದು ನಿಮ್ಮ ಪರವಾಗಿ ಇರುವುದು ಅದೊಂದೇ.

ಸದ್ಯಕ್ಕೆ ಕಾರಣ ಕೇಳುವ ನೋಟಿಸಿನ ಉತ್ತರ ಎಲ್ಲಕ್ಕಿಂತ ತುರ್ತಿನದು. ನೋಟಿಸಿನಲ್ಲಿ ಕೊಟ್ಟ ಗಡುವಿನಲ್ಲಿ ಎಷ್ಟು ದಿನ ಉಳಿದಿದೆ ಎಂಬುದನ್ನು ನೋಡಿಕೊಳ್ಳಿ. ಅದರಲ್ಲಿ ಅಕ್ರಮದ ಕಥೆಯನ್ನು ಬರೆಯಬೇಡಿ. ನೋಟಿಸಿನಲ್ಲಿ ಹೇಳಿದ ಪ್ರತಿ ದಿನಕ್ಕೂ ನಿಮ್ಮ ಹಾಜರಿಯ ಸಮಯ, ರಜೆ ಅಥವಾ ಅನುಮತಿ ಪಡೆದಿದ್ದರೆ ಅದರ ವಿವರ, ನಿಜವಾಗಿ ತಡವಾದ ದಿನವಿದ್ದರೆ ಅದರ ಕಾರಣ, ಇಷ್ಟೇ ಇರಲಿ. ಕೊನೆಯಲ್ಲಿ ಒಂದು ವಾಕ್ಯ ಸಾಕು: ಇಂಥ ದಿನಾಂಕದಂದು ಇಂಥ ಕಡತದಲ್ಲಿ ಟಿಪ್ಪಣಿ ಸಲ್ಲಿಸುವವರೆಗೆ ನನ್ನ ಹಾಜರಿಯ ಬಗ್ಗೆ ಯಾವ ನೋಟಿಸೂ ಬಂದಿರಲಿಲ್ಲ. ಎರಡು ಪ್ರತಿ ಮಾಡಿ, ಒಂದಕ್ಕೆ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿಡಿ.